ಉಪ್ಪಿನಲ್ಲಿಟ್ಟ ಕಿವಿ

ಭರಣಿಯನ್ನು ತೊಡೆಯ ಮೇಲಿಟ್ಟುಕೊಳ್ಳುವುದೋ, ಚೀಲಕ್ಕೆ ಹಾಕಿ ಕಾಲ ಬುಡದಲ್ಲಿಡುವುದೋ ಎಂಬುದು ಚಾಮರಾಜನಗರದಿಂದ ಬಸ್ಸು ಹೊರಡುವ ತನಕವೂ ಮಹಾಲಿಂಗನಿಗೆ ತೀರ್ಮಾನವಾಗಲಿಲ್ಲ. ಸೊಂಟದಿಂದ ಕೆಳಕ್ಕೆ ಇಳಿಸಕೂಡದು ಎಂದು ಅವ್ವ ಸುಂದ್ರಮ್ಮ ಬಾಗಿಲಲ್ಲಿ ನಿಂತು ಹೇಳಿ ಕಳಿಸಿದ್ದಳು. ತೊಡೆ ಸೊಂಟಕ್ಕಿಂತ ಮೇಲೋ ಕೆಳಗೋ? ಇಂಥ ಪ್ರಶ್ನೆಗಳಿಗೆ ಅಪ್ಪನಾದರೆ ತಟ್ಟನೆ ಉತ್ತರ ಕೊಡುತ್ತಿದ್ದ. ಆದರೆ ಅಪ್ಪನೇ ಈಗ ಭರಣಿಯೊಳಗಿದ್ದ. ಅಪ್ಪನೆಂದರೆ ಅಪ್ಪನ ಎರಡು ಕಿವಿಗಳ ತುದಿ. ಉಳಿದ ಲಿಂಗಯ್ಯನನ್ನು ಊರಾಚೆ ಮಣ್ಣು ಮಾಡಿ, ತಿಥಿಯ ಊಟ ಹಾಕಿಸಿ, ತಲೆ ಬೋಳಿಸಿಕೊಂಡು ಆಗಿತ್ತು. ಮೂರನೇ ವಯಸ್ಸಿನಲ್ಲಿ ಕೊಯ್ದು ಅಂದಿನಿಂದ ಉಪ್ಪಿನಲ್ಲಿಟ್ಟಿದ್ದ ಆ ತುದಿಗಳು ಒಣಗಿದ ಹುಣಸೆಸಿಪ್ಪೆಯ ಬಣ್ಣಕ್ಕೆ ತಿರುಗಿದ್ದವು. ಅವು ಕಡಲು ಸೇರಬೇಕು. ಸೇರದಿದ್ದರೆ ಅಲ್ಲಿಂದ ಕರೆಯುವುದು ಸತ್ತವನಿಗೆ ಕೇಳಿಸುವುದಿಲ್ಲ. ಕೇಳಿಸದವನು ಕಿವುಡನ ಹಾಗೆ ನೆಲದ ಮೇಲೆಯೇ ಅಲೆಯುತ್ತಿರಬೇಕಾಗುತ್ತದೆ. ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಾಯಿಸಿ, ಕಾಡು ದಾಟಿ, ಕೇರಳದ ಬತ್ತೇರಿಯ ಮೇಲೆ ಕಲ್ಲಿಕೋಟೆಗೆ ಹೋಗಿ ನೀರಿಗೆ ಬಿಟ್ಟು ಬಂದರೆ ಮುಗಿಯಿತು. ಮಗನಾದವನಿಗೆ ಇದಕ್ಕಿಂತ ಸುಲಭವಾದ ಕೆಲಸವನ್ನು ಯಾರೂ ಹೇಳಿರಲಿಕ್ಕಿಲ್ಲ.

ಸೆಕೆಯಲ್ಲೂ ತಲೆಗೆ ಟವಲು ಸುತ್ತಿಕೊಂಡಿದ್ದ. ನಲವತ್ತು ವರ್ಷ ಕೂದಲಿನಡಿ ಮುಚ್ಚಿಟ್ಟಿದ್ದ ಕಿವಿಗಳು ಬೋಳುತಲೆಯಿಂದಾಗಿ ಹೊರಗೆ ಬಿದ್ದಿದ್ದವು. ಮೇಲ್ಭಾಗ ಕತ್ತರಿ ಹಾಕಿದ ಹಾಗೆ ಚಪ್ಪಟೆ. ತಮ್ಮನ್ನು ತಾವು ಆಳದವರು ಎಂದು ಅವನ ಕುಲದವರು ಎಷ್ಟೇ ಕರೆದುಕೊಂಡರೂ ಊರಿನವರ ಬಾಯಲ್ಲಿ ಅವರು ಮೊಂಡುಗಿವಿಯವರೇ. ಬೈಗುಳವೆಂದು ಹೇಳುತ್ತಿರಲಿಲ್ಲ, ಗುರುತಿಗೆ ಹೇಳುತ್ತಿದ್ದರು. ಅದಕ್ಕೇ ಹೆಚ್ಚು ನೋಯುತ್ತಿತ್ತು. ಹಳೆಯ ಕ್ಷೌರಿಕ ಸತ್ತ ಮೇಲೆ ಹೊಸಬನೊಬ್ಬ ಅವನ ಕೂದಲೆತ್ತಿ ನೋಡಿ, ಇದೇನ್ ಸಾರ್ ಇಲಿ ಕಚ್ಚಿತ್ತಾ ಎಂದು ಕೇಳಿದ ದಿನ ಮಹಾಲಿಂಗ ಅರ್ಧ ಕತ್ತರಿಸಿದ ತಲೆಯಲ್ಲೇ ಎದ್ದು ಬಂದಿದ್ದ. ಆ ವಾರವೆಲ್ಲ, ಈ ಗುರುತು ಯಾರಿಗೂ ಗೊತ್ತಿಲ್ಲದ ಕಚೇರಿಯಲ್ಲಿ, ಗೋಡೆಯ ಕಡೆ ತಲೆ ವಾಲಿಸಿಕೊಂಡೇ ಕೆಲಸ ಮಾಡಿದ್ದ.

ಅಕ್ಕಿ ಆರಿಸುತ್ತ, ಸೊಪ್ಪು ಬಿಡಿಸುತ್ತ ಅವ್ವ ಹೇಳುತ್ತಿದ್ದ ಚರಿತ್ರೆಯಲ್ಲಿ ಇಸವಿಗಳಿರಲಿಲ್ಲ. ಪಡುವಣ ಕಡಲಿನ ತಳದಲ್ಲಿ, ಬಿಸಿಲು ಎಂದೂ ಮುಟ್ಟದ ಕಡೆ, ಹವಳವನ್ನೇ ಗೋಡೆ ಮಾಡಿಕೊಂಡ ಬೀದಿಗಳಿದ್ದವು. ಮೈಯೇ ದೀಪವಾದ ಮೀನುಗಳನ್ನು ಮನೆಯ ಮುಂದೆ ಸಾಕಿಕೊಳ್ಳುತ್ತಿದ್ದರು. ಅಲ್ಲಿನವರು ಎತ್ತರ, ತೆಳ್ಳಗೆ, ಮುನ್ನೂರು ವರ್ಷ ಬಾಳುವವರು. ಅವರ ಕಿವಿ ವೀಳ್ಯದೆಲೆಯ ಹಾಗೆ ಮೇಲಕ್ಕೆ ಮೊನೆಯಾಗಿ ಹೋಗುತ್ತಿತ್ತು, ಆ ಮೊನೆಯಿಂದ ಗಾವುದ ದೂರದ ಎದೆಬಡಿತವೂ ಕೇಳುತ್ತಿತ್ತು. ಹಾಗಾಗಿ ಆಳದಲ್ಲಿ ಸುಳ್ಳೆಂಬುದೇ ಇರಲಿಲ್ಲ. ಹೇಳುವವನ ಎದೆ ಹೊಡೆದುಕೊಳ್ಳುವುದು ಬೀದಿಗೆಲ್ಲ ಗೊತ್ತಾಗುತ್ತಿದ್ದರೆ ಯಾವನು ತಾನೇ ಹೇಳಿಯಾನು? ಆಮೇಲೊಂದು ದಿನ ತಳದ ನೆಲ ಬಾಯಿಬಿಟ್ಟು ನೀರು ಕುದಿಯಿತು. ದೀಪದ ಮೀನುಗಳು ಸತ್ತು ತೇಲಿದವು. ಕತ್ತಲಲ್ಲಿ ಒಬ್ಬರ ಕೈ ಒಬ್ಬರು ಹಿಡಿದು, ಹೊಳೆಯ ಬಾಯಿ ಹೊಕ್ಕು, ಘಟ್ಟ ಹತ್ತಿ, ನೀರು ಮೊಣಕಾಲಿಗೆ ಇಳಿದ ಕಡೆ ಎದ್ದು ನಿಂತರು. ಕಾಡಿನ ಒಣಗಾಳಿಗೆ ಕಿವಿಯ ಮೊನೆ ಸೀಳಿ, ನೋವು ತಡೆಯಲಾಗದೆ ಮಕ್ಕಳು ಚೀರಿದಾಗ ಹಿರಿಯಳೊಬ್ಬಳು ಚಿಪ್ಪಿನ ಅಂಚಿನಿಂದ ಎಲ್ಲರ ಕಿವಿತುದಿಯನ್ನೂ ಕೊಯ್ದಳು. ನೋವು ಹೋಯಿತು, ಕಡಲಿನ ಕರೆಯೂ ಹೋಯಿತು. ಸತ್ತ ಮೇಲಾದರೂ ಕೇಳಲಿ ಎಂದು ಕೊಯ್ದಿದ್ದನ್ನು ಉಪ್ಪಿನಲ್ಲಿಟ್ಟಳು. ಮುಂದೆ ಹುಟ್ಟಿದ ಮಕ್ಕಳಿಗೆಲ್ಲ ಅದೇ ಕಟ್ಟಳೆಯಾಯಿತು. ಅಲ್ಲಿಂದ ಮುಂದೆ ನೆಲದವರ ಮಾತು ಕಲಿತರು, ಅವರ ಹೆಸರಿಟ್ಟುಕೊಂಡರು, ಅವರ ದೇವರಿಗೇ ಹಣ್ಣುಕಾಯಿ ಮಾಡಿಸಿದರು. ಸುಳ್ಳು ಹೇಳುವುದು ಮಾತ್ರ ಬಹಳ ದಿನ ಬರಲಿಲ್ಲವಂತೆ. "ಆಮೇಲ್ ಆಮೇಲೆ ರೂಢಿ ಆಯ್ತು ಕಣ್ ಮಗ" ಎಂದು ಅವ್ವ ನಗುತ್ತಿದ್ದಳು. ಮುನ್ನೂರು ವರ್ಷ ಬಾಳುತ್ತಿದ್ದವರ ಕುಲದ ಲಿಂಗಯ್ಯ ಬದುಕೆಲ್ಲ ಅರಿಶಿನ ಬೇಯಿಸುವ ಒಲೆಗಳ ಮುಂದೆ ಬೆಂದು, ಸಕ್ಕರೆ ಕಾಯಿಲೆಯಿಂದ ಕಾಲು ಕೊಳೆತು, ಅರವತ್ತೈದು ತುಂಬುವ ಮೊದಲೇ ಸತ್ತ. ಮಣ್ಣಿಗಿಡುವಾಗಲೂ ಅವನ ಉಗುರಿನ ಸಂದಿಯ ಅರಿಶಿನ ಹೋಗಿರಲಿಲ್ಲ.

ತೆರಕಣಾಂಬಿಯಲ್ಲಿ ಬಸ್ಸು ನಿಂತಾಗ ಪುಟ್ಟಮಾದು ಹತ್ತಿದ. ಮಹಾಲಿಂಗನ ಕಚೇರಿಯ ಜವಾನ. ಬಾಯಿ ಸುಮ್ಮನಿರದ ಮನುಷ್ಯ. ಬೆಳಿಗ್ಗೆ ಕಂಡದ್ದನ್ನು ಮಧ್ಯಾಹ್ನದ ಟೀ ಹೊತ್ತಿಗೆ ಎಲ್ಲ ಮೇಜಿಗೂ ಮುಟ್ಟಿಸುವ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತಿದ್ದ. ಮಹಾಲಿಂಗ ಕಿಟಕಿಯ ಕಡೆ ಮುಖ ತಿರುಗಿಸಿದ, ಪ್ರಯೋಜನವಾಗಲಿಲ್ಲ.

"ಅಯ್, ಸಾ! ನೀವೆತ್ತಗ್ ಸಾ?"

"ಬತ್ತೇರಿ ಕಡೆಗೆ."

"ನಾನೂ ಬತ್ತೇರಿಗೇಯಾ. ಬೆನ್ನಿಗೆ ಎಣ್ಣೆ ಆಕುಸ್ಬೇಕು, ಅಲ್ಲೊಬ್ಬ ವೈದ್ಯ ಅವ್ನೆ. ಜೊತೆ ಸಿಕ್ತು ಬುಡಿ." ಪಕ್ಕದಲ್ಲೇ ಕೂತ. "ತಲೆಗ್ಯಾಕ್ ಸಾ ಟವಲ್ಲು, ಇಂಥ ಸೆಕೇಲಿ?"

"ಸೀತ ಆಗಿದೆ" ಎಂದ ಮಹಾಲಿಂಗ. ದಿನದ ಮೊದಲ ಸುಳ್ಳು. ಅಷ್ಟು ಹೇಳಿದ್ದಕ್ಕೇ ಎದೆ ಸ್ವಲ್ಪ ಹೊಡೆದುಕೊಂಡಿತು. ಬಸ್ಸಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಭರಣಿಯನ್ನು ಚೀಲಕ್ಕೆ ಸೇರಿಸಿ ಚೀಲವನ್ನು ಕಾಲ ಬುಡದಲ್ಲಿಟ್ಟುಬಿಟ್ಟ.

ಗುಂಡ್ಲುಪೇಟೆಯಲ್ಲಿ ಇಳಿದು ಟೀ ಕುಡಿದು ಕೇರಳದ ಬಸ್ಸು ಹಿಡಿದಾಗಲೂ ಪುಟ್ಟಮಾದು ಅಂಟಿಕೊಂಡೇ ಇದ್ದ. ಇವನು ಬತ್ತೇರಿಯಲ್ಲಿ ಇಳಿದು ಹೋಗುತ್ತಾನೆ, ಅಲ್ಲಿಂದಾಚೆಗೆ ನಾನೂ ಅಪ್ಪನೂ ಇಬ್ಬರೇ ಎಂದು ಮಹಾಲಿಂಗ ತನಗೆ ತಾನೇ ಹೇಳಿಕೊಂಡ. ಅಪ್ಪ ತಾತನ ಕಿವಿಗಳನ್ನು ಬಿಡಲು ಹೋಗಿದ್ದೂ ಇದೇ ದಾರಿಯಲ್ಲಿ. ಆಗ ಮಹಾಲಿಂಗ ಇನ್ನೂ ಚಿಕ್ಕವನು. ಮಾರನೆಯ ದಿನ ಮಧ್ಯಾಹ್ನ ಅಪ್ಪ ವಾಪಸಾದಾಗ ಕಡಲು ಹೇಗಿತ್ತೆಂದು ಕೇಳಲು ಬೀದಿಯ ತುದಿಯ ತನಕ ಓಡಿದ್ದ. ಅಪ್ಪ ತುಟಿ ಬಿಚ್ಚಲಿಲ್ಲ. ಬಿಟ್ಟು ಬಂದವನು ಕಡಲಿನ ಬಗ್ಗೆ ಸಾಯುವ ತನಕ ಮಾತಾಡಕೂಡದು, ಅದು ಕಟ್ಟಳೆ. ಅವನ ಕಿವಿಯೊಳಗೆ ಕಡಲಿನ ಸದ್ದು ಕೂತಿರುತ್ತದೆ. ಮನೆಯ ಹೆಂಗಸು ಅವನ ಕಿವಿಗೆ ಕಿವಿಯಿಟ್ಟು ಕೇಳಿ, ಸತ್ತವರು ಸೇರಿಕೊಂಡರೋ ಇಲ್ಲವೋ ಹೇಳಬೇಕು. ಅಜ್ಜಿ ಆ ಹೊತ್ತಿಗೆ ಬದುಕಿರಲಿಲ್ಲವಾದ್ದರಿಂದ ಅವ್ವನೇ ಕೇಳಿದ್ದಳು. ಆಮೇಲೆ ಅಪ್ಪನನ್ನು ಜಗಲಿಯ ಮೇಲೆ ಕೂರಿಸಿಕೊಂಡು, ಪಂಚೆ ಮೊಣಕಾಲಿಗೆತ್ತಿ, ದನಕ್ಕೆ ಹತ್ತುವಂಥ ಉಣ್ಣಿಗಳನ್ನು ಒಂದೊಂದಾಗಿ ಕಿತ್ತು ಸೀಮೆಎಣ್ಣೆಯ ಬಟ್ಟಲಿಗೆ ಹಾಕಿದ್ದಳು. ಮುಂದಿನ ವಾರ ಶಾಲೆಯಲ್ಲಿ ಮೇಷ್ಟ್ರು ಕಡಲಿನಲ್ಲಿ ಏನೇನಿರುತ್ತದೆಂದು ಕೇಳಿದಾಗ ಎಲ್ಲರೂ ಮೀನು, ಮುತ್ತು, ಹಡಗು ಎಂದರು. ಮಹಾಲಿಂಗ ಎದ್ದು ನಿಂತು ಉಣ್ಣಿ ಎಂದ. ಆ ನಗು ಇನ್ನೂ ಅವನ ಬೆನ್ನಿಗೆ ಅಂಟಿಕೊಂಡಿತ್ತು. ನಾಲ್ಕು ಜನ ಒಟ್ಟಿಗೆ ನಕ್ಕರೆ ಇಂದಿಗೂ ಅವನು ಮೊದಲು ತನ್ನ ಕಿವಿ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಕಾಡಂಚಿನ ಊರಾದ ಮದ್ದೂರು ದಾಟಿ ಕಾಡು ದಟ್ಟವಾಗುವಲ್ಲಿ ಗೇಟು ಹಾಕಿ ಬಸ್ಸು ನಿಲ್ಲಿಸಿದರು. ಕಾಡುಗಳ್ಳರ ಗಲಾಟೆಯ ಕಾಲ. ದಂತ, ಚರ್ಮ, ಕೊಂಬು ಎಂದು ಎಲ್ಲರ ಗಂಟುಮೂಟೆ ಬಿಚ್ಚಿಸುತ್ತಿದ್ದರು. ಒಳಗೆ ಬಂದ ಅರಣ್ಯ ಇಲಾಖೆಯ ಗಾರ್ಡು ನಡುವಯಸ್ಸಿನ ಸಾಧು ಮನುಷ್ಯ. ಒಂದೊಂದು ಚೀಲವನ್ನೂ ತಪ್ಪು ತಾನೇ ಮಾಡುತ್ತಿರುವವನ ಹಾಗೆ ಸಂಕೋಚದಿಂದ ಮುಟ್ಟುತ್ತಿದ್ದ. ಮಹಾಲಿಂಗನ ಭರಣಿಯ ಮುಚ್ಚಳ ತೆಗೆದವನು ಉಪ್ಪನ್ನು ಬೆರಳಿನಿಂದ ಸರಿಸಿ ಬಗ್ಗಿ ನೋಡಿದ.

"ಇದ್ಯಾವ ಪ್ರಾಣಿದು ಸ್ವಾಮಿ?"

ಹಿಂದಿನ ಸೀಟಿನವರು ಎದ್ದು ಬಗ್ಗಿದರು. ಪುಟ್ಟಮಾದು ಕತ್ತು ಕೊಕ್ಕರೆಯ ಹಾಗೆ ಚಾಚಿದ. ನಮ್ಮಪ್ಪನದು ಎನ್ನಬೇಕಾಗಿತ್ತು. ಒಂದೇ ಮಾತು. ಆದರೆ ಅದನ್ನು ಹೇಳಿದ ಮೇಲೆ ಟವಲು ಬಿಚ್ಚಬೇಕಾಗುತ್ತದೆ, ಹವಳದ ಬೀದಿ, ದೀಪದ ಮೀನು ಎಲ್ಲವನ್ನೂ ಈ ಬಾಳೆಗೊನೆ, ಮೆಣಸಿನಕಾಯಿ ಮೂಟೆಗಳ ನಡುವೆ ಬಿಚ್ಚಿ ಹರಡಬೇಕಾಗುತ್ತದೆ, ನಾಳಿದ್ದು ಕಚೇರಿಯ ಒಂದೊಂದು ಮೇಜಿನ ಹಿಂದಿನಿಂದಲೂ ಒಂದೊಂದು ಜೊತೆ ಕಣ್ಣು ತನ್ನ ಕಿವಿಯನ್ನು ಹುಡುಕುತ್ತದೆ. ಇದೆಲ್ಲ ಒಂದೇ ಉಸಿರಿನಲ್ಲಿ ಅವನ ಮುಂದೆ ಹಾದುಹೋಯಿತು.

"ಮೇಕೆದು" ಎಂದ. "ಹರಕೆ ಮೇಕೆ ಕಿವಿ."

"ಮೇಕೆ ಕಿವಿ ಕಟ್ಕಂಡು ಕೇರಳಕ್ಕೆ ಒಂಟವ್ರೆ ನಮ್ ಸಾ!" ಪುಟ್ಟಮಾದು ತೊಡೆ ತಟ್ಟಿಕೊಂಡ. "ಅಲ್ಲೇನ್ ಮೇಕೆ ಸಿಕ್ಕಲ್ವಾ?" ಬಸ್ಸು ನಕ್ಕಿತು. ಕಂಡಕ್ಟರನೂ ನಕ್ಕ. ಮಹಾಲಿಂಗನೂ ನಕ್ಕ, ಎಲ್ಲರಿಗಿಂತ ಸ್ವಲ್ಪ ಜೋರಾಗಿಯೇ. ಗಾರ್ಡು ಮಾತ್ರ ನಗಲಿಲ್ಲ. "ಹರಕೆದು ಅಂದ್ರೆ ಇಟ್ಕೊಳಿ ಸ್ವಾಮಿ, ದೇವ್ರ ವಿಸ್ಯ" ಎಂದು ಮುಚ್ಚಳ ಹಾಕಿ ಭರಣಿಯನ್ನು ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟ. ಅಲ್ಲಿಗೆ ಎಲ್ಲವೂ ಮುಗಿದಿತ್ತು. ಭರಣಿ ಕೈಗೆ ಬಂದಿತ್ತು, ಗಾರ್ಡು ಮುಂದಿನ ಸೀಟಿಗೆ ಹೋಗಿದ್ದ.

"ಬತ್ತೇರಿ ಗಂಟ ಇದು ನನ್ ಮೂಗಿನ್ ಮುಂದೇನಾ ಸಾ?" ಎಂದ ಪುಟ್ಟಮಾದು, ಮೂಗಿಗೆ ಬೆರಳಿಟ್ಟು.

ಅವನು ಹೇಳಿದ್ದರಲ್ಲಿ ದ್ವೇಷವೇನೂ ಇರಲಿಲ್ಲ. ಒಂದು ಮಾತಿಗೆ ಇನ್ನೊಂದು ಮಾತು, ಅಷ್ಟೇ. ಕಿವಿಯ ಮೇಲೆ ಹಾಕಿಕೊಳ್ಳದೆ ಕೂತಿದ್ದರೆ ಆಗುತ್ತಿತ್ತು. ಆದರೆ ಮಹಾಲಿಂಗನ ಬಾಯಿ, "ಏ, ಇದೇನ್ ದೊಡ್ಡ ವಿಷಯ" ಎಂದಿತು. ಕೈ ಮುಚ್ಚಳ ತೆಗೆದು, ಕಿಟಕಿಯ ಆಚೆಗೆ ಭರಣಿಯನ್ನು ಬೋರಲು ಹಾಕಿತು. ಉಪ್ಪು ಮೊದಲು ಬಿತ್ತು. ಆಮೇಲೆ ಅಪ್ಪ. ರಸ್ತೆಯ ಅಂಚಿನಲ್ಲಿ ಒಣಗಿನಿಂತಿದ್ದ ಬಿದಿರುಮೆಳೆಯ ಬುಡದಲ್ಲಿ ಎಲ್ಲೋ ಬಿದ್ದ. ಗೇಟು ಎತ್ತಿದರು, ಬಸ್ಸು ಹೊರಟಿತು. ಇಷ್ಟು ಹಗುರವಾಗಿ ಆಗಿಹೋಗಬಹುದಾದ ಕೆಲಸವೆಂದು ಅವನಿಗೆ ತಿಳಿದಿರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಅಪ್ಪ ಆಗಾಗ ಹೇಳುತ್ತಿದ್ದ. ಆನೆಗಳ ಕಾಡಿನಲ್ಲೇ ಮಾನ ಹೋಗಿತ್ತು. ಆದರೆ ಹೋದದ್ದು ತನ್ನ ಮಾನವಲ್ಲ, ತನ್ನ ಮಾನವನ್ನು ಅವನು ಜೋಪಾನವಾಗಿಯೇ ಉಳಿಸಿಕೊಂಡಿದ್ದ; ಅಪ್ಪನದನ್ನು ಕೊಟ್ಟು ಉಳಿಸಿಕೊಂಡಿದ್ದ.

ಬತ್ತೇರಿಯಲ್ಲಿ ಪುಟ್ಟಮಾದು ಕೈ ಮುಗಿದು ಬೆನ್ನು ಹಿಡಿದುಕೊಂಡು ಹೋದ. ಮಹಾಲಿಂಗ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಖಾಲಿ ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಈಗ ತೊಡೆಯ ಮೇಲೆ ಇಟ್ಟುಕೊಳ್ಳುವುದಕ್ಕೆ ಯಾವ ಅಂಜಿಕೆಯೂ ಇರಲಿಲ್ಲ. ಕಲ್ಲಿಕೋಟೆಯ ಬಸ್ಸುಗಳು ಬಂದು ನಿಂತು ಹೋಗುತ್ತಿದ್ದವು. ಬರಿಗೈಯಲ್ಲಾದರೂ ಹೋಗಿ, ಕಡಲಿನ ಮುಂದೆ ನಿಂತು, ಕಿವಿ ತುಂಬ ಅದರ ಸದ್ದು ತುಂಬಿಸಿಕೊಂಡು ಬಂದರೆ ಅವ್ವನಿಗೆ ಕೇಳಿಸಲಿಕ್ಕೆ ಅಷ್ಟಾದರೂ ಇರುತ್ತದೆ ಎಂದು ಯೋಚಿಸಿದ. ಯೋಚಿಸಿದ್ದಕ್ಕೆ ನಾಚಿಕೆಯಾಯಿತು. ಮೇಕೆಯ ಕಿವಿ ಎಂದವನಿಗೆ ಆ ನೀರಿನ ಮುಂದೆ ಏನು ಕೆಲಸ? ಸಾಯುವ ಹಿಂದಿನ ವಾರ ಅಪ್ಪ ಜ್ವರದಲ್ಲಿ ಏನೇನೋ ಬಡಬಡಿಸುತ್ತಿದ್ದವನು ಇದ್ದಕ್ಕಿದ್ದಂತೆ ಅವನ ಕೈ ಹಿಡಿದು, "ದೂರ ಕಣ್ಲಾ, ಭಾಳ ದೂರ. ಆದ್ರೆ ಓಗು. ಆಗ್ನಿಲ್ಲ ಅಂದ್ರೆ ಚಿಂತೆ ಮಾಡ್ಬ್ಯಾಡ" ಎಂದಿದ್ದ. ಆಗದೇ ಇರುವುದಕ್ಕೆ ಅದರಲ್ಲೇನಿದೆ ಎಂದು ಆಗ ಅನ್ನಿಸಿತ್ತು. ಈಗ ಆ ಮಾತು ನೆನಪಾಗಿ ಕಣ್ಣು ತುಂಬಿತು. ಪಕ್ಕದಲ್ಲಿ ಕೂತಿದ್ದ ಮುದುಕಿ ಮಲಯಾಳದಲ್ಲಿ ಏನೋ ಕೇಳಿದಳು. ತಲೆ ಅಲ್ಲಾಡಿಸಿ ಎದ್ದ.

ಗುಂಡ್ಲುಪೇಟೆಯ ಬಸ್ಸು ಹತ್ತಿ ಅದೇ ಗೇಟಿನಲ್ಲಿ ಇಳಿದ. ಮೆಳೆಯ ಬುಡದಲ್ಲಿ ಹುಲ್ಲು ಸರಿಸುತ್ತ, ಮೊಣಕಾಲೂರಿ, ತರಗೆಲೆಗಳನ್ನು ಒಂದೊಂದಾಗಿ ಎತ್ತುತ್ತ ಹುಡುಕಿದ. ಉಪ್ಪು ಬಿದ್ದ ಜಾಗವೇನೋ ಸಿಕ್ಕಿತು. ಉಪ್ಪು ಇರಲಿಲ್ಲ, ಮಣ್ಣು ಹಸಿಯಾಗಿ, ನಯವಾಗಿ, ನಾಲಗೆಯ ಗುರುತು ಗುರುತಾಗಿತ್ತು.

"ಏನ್ ಸ್ವಾಮಿ ಹುಡುಕ್ತಾ ಇದ್ದೀರಿ?" ಗಾರ್ಡು ಬಂದು ನಿಂತಿದ್ದ.

"ವಾಚು ಬಿದ್ದುಹೋಯ್ತು."

ಗಾರ್ಡು ಮಹಾಲಿಂಗನ ಮಣಿಕಟ್ಟು ನೋಡಿದ. ಅಲ್ಲಿ ವಾಚು ಸಾಯಂಕಾಲದ ಹೊತ್ತು ತೋರಿಸುತ್ತ ಇತ್ತು. ನೋಡಿದ್ದನ್ನು ತೋರಗೊಡದೆ, "ಉಪ್ಪು ಕಂಡ್ರೆ ಜಿಂಕೆ ಬುಡಲ್ಲ ಸ್ವಾಮಿ. ಉಪ್ಪಿನ್ ಜೊತೆ ಏನಿದ್ರೂ ನೆಕ್ಕೊಂಡು ಓಯ್ತವೆ" ಎಂದಷ್ಟೇ ಹೇಳಿ, ಕತ್ತಲಾಗುವುದರೊಳಗೆ ಬಸ್ಸು ಹಿಡಿಯಿರಿ ಎಂದು ಗೇಟಿನ ಕಡೆ ನಡೆದ. ಮಹಾಲಿಂಗ ಎದ್ದು ನಿಂತ. ಗಾಳಿ ಬೀಸಿತು. ಬಿದಿರಿಗೆ ಬಿದಿರು ಉಜ್ಜಿ ಕೊರಗುವ ಹಾಗೆ ಒಂದು ಸದ್ದು ಎದ್ದು, ಮೇಲೆ ಹೋಗಿ, ಇಳಿದು, ಮತ್ತೆ ಎದ್ದಿತು. ಟವಲು ಬಿಚ್ಚಿ ಮೊಂಡುಕಿವಿಗಳನ್ನು ಆ ಗಾಳಿಗೆ ಒಡ್ಡಿಕೊಂಡು, ಅಪ್ಪ ಈಗ ಯಾವುದೋ ಜಿಂಕೆಯ ಹೊಟ್ಟೆಯೊಳಗೆ ಓಡಾಡುತ್ತಿದ್ದಾನೆ, ಯಾರು ಕರೆದರೂ ಅವನಿಗೆ ಕೇಳಿಸುವುದಿಲ್ಲ ಎಂದುಕೊಂಡ. ಅಪ್ಪಾ ಎಂದು ಒಂದು ಸಲ ಜೋರಾಗಿ ಕೂಗಬೇಕೆನ್ನಿಸಿತು. ಗಾರ್ಡು ಕೇಳಿಸಿಕೊಳ್ಳುತ್ತಾನೆಂದು ಕೂಗಲಿಲ್ಲ.

ಆ ರಾತ್ರಿ ಗುಂಡ್ಲುಪೇಟೆಯ ಲಾಡ್ಜಿನಲ್ಲಿ ಬಿದ್ದಿದ್ದು, ಕಲ್ಲಿಕೋಟೆಗೆ ಹೋಗಿ ಬಂದವನು ಎಷ್ಟು ಹೊತ್ತಿಗೆ ಬರಬಹುದೋ ಅಷ್ಟು ಹೊತ್ತಿಗೆ ಮಾರನೆಯ ದಿನ ಮನೆ ಸೇರಿದ. ಅವ್ವ ಜಗಲಿಯ ಮೇಲೆ ಕೂತಿದ್ದಳು. ಕುಂಕುಮವಿಲ್ಲದ ಹಣೆ ಇನ್ನೂ ಅವನಿಗೆ ರೂಢಿಯಾಗಿರಲಿಲ್ಲ. ಯಾರದೋ ಮನೆಗೆ ಬಂದ ಹಾಗಾಯಿತು. ಖಾಲಿ ಭರಣಿಯನ್ನು ಕೈಗೆ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಬದಿಗಿಟ್ಟಳು. ಏನನ್ನೂ ಕೇಳಲಿಲ್ಲ, ಕೇಳಕೂಡದು. ಟವಲು ತೆಗೆದು, ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ, ತನ್ನ ಕಿವಿಯನ್ನು ಅವನ ಕಿವಿಗೆ ಒತ್ತಿದಳು. ಮುದಿ ಚರ್ಮದ ಬಿಸಿ, ಹರಳೆಣ್ಣೆಯ ವಾಸನೆ. ಮಹಾಲಿಂಗನ ಎದೆ ಡವಗುಟ್ಟತೊಡಗಿತು. ಆಳದಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಬೀದಿಯೇ ಎದ್ದು ಬರುತ್ತಿತ್ತು. ಅವ್ವನಿಗೂ ಕೇಳಿಸುತ್ತಿದೆ, ಕೇಳಿಸದೆ ಇರಲು ಸಾಧ್ಯವಿಲ್ಲ ಎಂದು ಅವನಿಗೆ ಖಾತ್ರಿಯಾಯಿತು. ಈಗ ತಲೆ ಬಿಡುತ್ತಾಳೆ, ಈಗ ಮುಖಕ್ಕೆ ಉಗಿಯುತ್ತಾಳೆ, ಎಲ್ಲಿ ಬಿಸಾಕಿ ಬಂದೆ ನನ್ನ ಗಂಡನ್ನ ಎನ್ನುತ್ತಾಳೆ. ಅನ್ನಲಿ, ಬೇಗ ಅನ್ನಲಿ ಎಂದು ಅವನು ಕಾದ. ಉಗಿಸಿಕೊಂಡರೆ ಸಾಕಾಗಿತ್ತು.

"ಕೇಳ್ತಾ ಅದೆ" ಎಂದಳು ಅವ್ವ, ಕಣ್ಣು ಮುಚ್ಚಿಕೊಂಡೇ. "ಒಂದಕ್ಕೊಂದು ಉಜ್ಕಂಡು ಗೋಳಾಡ್ದಂಗೆ. ಏಳ್ತದೆ, ಇಳೀತದೆ. ಸೇರ್ಕಂಡವ್ರೆ ಬುಡು. ನಿಮ್ಮಪ್ಪ ನಿಮ್ ತಾತನ್ನ ಬುಟ್ಬುಟ್ಟು ಬಂದಾಗ್ಲೂ ಇದೇ ಸದ್ದೇ ಕೇಳುಸ್ತು."

ಅವಳು ಕಡಲು ಕಂಡವಳಲ್ಲ. ಅವರ ಪೈಕಿ ಯಾರೂ ಕಡಲಿನ ಸುದ್ದಿ ಹೇಳಿದ್ದನ್ನು ಅವನು ಕೇಳಿರಲಿಲ್ಲ. ಅವಳು ಹೇಳಿದ್ದು ಅರ್ಥವಾಗದೆ, ಅರ್ಥ ಮಾಡಿಕೊಳ್ಳುವ ಧೈರ್ಯವೂ ಬಾರದೆ ಮಹಾಲಿಂಗ ಜಗಲಿಯ ಅಂಚಿನಲ್ಲಿ ಕೂತ. ಅವ್ವ ಚೊಂಬಿನಲ್ಲಿ ನೀರು ತಂದು ಅವನ ಕಾಲಿಗೆ ಹಾಕಿದಳು. ಪ್ಯಾಂಟಿನ ಅಂಚನ್ನು ತಾನೇ ಮೇಲಕ್ಕೆ ಮಡಿಸಿ, ಮೀನಖಂಡದ ಮೇಲೆ ಬೆರಳಾಡಿಸಿ, ಒಂದು ಕಡೆ ನಿಲ್ಲಿಸಿದಳು. ಉಗುರಿನಿಂದ ಮೆಲ್ಲಗೆ ಹಿಡಿದು, ತಿರುಚಿ, ಕಿತ್ತು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದು ನೋಡಿದಳು. ರಕ್ತ ಕುಡಿದು ಊದಿಕೊಂಡಿದ್ದ ಉಣ್ಣಿ. ಎರಡನೆಯದು ಮಂಡಿಯ ಹಿಂದೆ ಸಿಕ್ಕಿತು.

"ನಿಮ್ಮಪ್ಪನ ಕಾಲ್ಗೂ ಹಿಂಗೇ ಹತ್ಕಂಡಿದ್ವು" ಎಂದಳು. "ಕಡ್ಲತ್ರ ಉಣ್ಣಿ ಜಾಸ್ತಿ ಕಣಪ್ಪ."

ಮಹಾಲಿಂಗ ಅವಳ ಮುಖ ನೋಡಿದ. ಅದರಲ್ಲಿ ನಗುವಾಗಲಿ ಸಿಟ್ಟಾಗಲಿ ಕಾಣಲಿಲ್ಲ. ಅಕ್ಕಿಯಲ್ಲಿ ಕಲ್ಲು ಹುಡುಕುವಾಗ ಇರುತ್ತಿದ್ದ ಗಮನವಷ್ಟೇ ಇತ್ತು. ಅಪ್ಪ ಜಗಲಿಯ ಮೇಲೆ ಇದೇ ಜಾಗದಲ್ಲಿ ಪಂಚೆಯೆತ್ತಿಕೊಂಡು, ತುಟಿ ಬಿಚ್ಚದೆ, ಬೀದಿಯ ಕಡೆ ನೋಡುತ್ತ ಕೂತಿದ್ದದ್ದು ಕಣ್ಣಿಗೆ ಕಟ್ಟಿತು. ಅಪ್ಪನೂ ಕಾಡು ದಾಟಿರಲಿಲ್ಲ. ಅವನ ಪಕ್ಕದಲ್ಲಿ ಯಾವ ಪುಟ್ಟಮಾದು ಕೂತಿದ್ದನೋ, ಅಥವಾ ಕೈಯಲ್ಲಿ ಬಸ್ಸಿನ ಕಾಸೇ ಇರಲಿಲ್ಲವೋ. ತಾತ ಯಾರನ್ನು ಹೊತ್ತುಕೊಂಡು ಹೋಗಿದ್ದನೋ, ಎಲ್ಲಿಯ ತನಕ ಹೋದನೋ. ಹವಳದ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಾರದು. ಎಲ್ಲರೂ ಆ ಬಿದಿರುಮೆಳೆಯ ಬುಡದಲ್ಲೇ ನಿಂತಿದ್ದಾರೆ, ಮೊದಲ ಕಿವಿ ಕೊಯ್ದ ಕಾಡಿನಲ್ಲೇ, ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಬಾರದ ಕರೆಗೆ ಕಾಯುತ್ತ. ಸಮಾಧಾನವಾಗಬೇಕಾಗಿತ್ತು, ತಾನೊಬ್ಬನೇ ಪಾಪಿಯಲ್ಲವೆಂದು ತಿಳಿದವನಿಗೆ ಆಗುವಂಥ ಸಮಾಧಾನ. ಆಗಲಿಲ್ಲ. ದುಃಖ ಮಾತ್ರ ತಾನೊಬ್ಬನದಾಗಿದ್ದದ್ದು ಅಪ್ಪನದೂ ತಾತನದೂ ಸೇರಿಕೊಂಡು ಇನ್ನಷ್ಟು ಭಾರವಾಯಿತು.

ಅವ್ವ ಉಣ್ಣಿಗಳನ್ನು ಕಲ್ಲಿನ ಮೇಲಿಟ್ಟು ಉಗುರಿನಿಂದ ಒತ್ತಿದಳು. ಸೆರಗಿಗೆ ಬೆರಳು ಒರೆಸಿಕೊಂಡು, ಒಳಗಿನ ಗೂಡಿನ ಕಡೆ ನೋಡಿದಳು. ಅಲ್ಲಿ ಅವಳ ಭರಣಿ ಇತ್ತು.

"ನಂದಾದಾಗ ನನ್ನೂ ಅಲ್ಗೇ ಬುಡು ಮಾಲಿಂಗ. ಬ್ಯಾರೆ ಎತ್ತಗೂ ತಕ್ಕಂಡೋಗ್ಬ್ಯಾಡ. ನಿಮ್ಮಪ್ಪಯ್ಯ ಇರೋ ತಾವೇ ಬುಡು."

"ಆಯ್ತವ್ವ" ಎಂದ ಮಹಾಲಿಂಗ. ಈ ಸಲ ಅವನ ಎದೆ ಹೊಡೆದುಕೊಳ್ಳಲಿಲ್ಲ.